ಆರಂಭಿಕ ಮೋಟಾರು ಕಾರುಗಳ ರೇಡಿಯೇಟರ್ ಸೋರಿಕೆ: ಪತ್ತೆ ಮತ್ತು ದುರಸ್ತಿ

ಮೋಟಾರು ಕಾರಿನ ಎಂಜಿನ್ನಿನಲ್ಲಿ ಕಾದ ನೀರನ್ನು ಗಾಳಿಗೆ ಒಡ್ಡಿ ತಣಿಸುವ ಸಾಧನಕ್ಕೆ ರೇಡಿಯೇಟರ್ ಎಂದು ಹೆಸರು. 1890ರ ದಶಕದಿಂದ 1930ರ ಸುಮಾರಿನವರೆಗೆ ತಯಾರಾದ ಕಾರುಗಳಲ್ಲಿ ಇದನ್ನು ಹಿತ್ತಾಳೆ ಮತ್ತು ತಾಮ್ರದ ತೆಳು ತಗಡಿನಿಂದ ಮಾಡಿ, ತವರ-ಸೀಸದ ಬೆಸುಗೆಯಿಂದ ಜೋಡಿಸುತ್ತಿದ್ದರು. ನೂರಾರು, ಕೆಲವೊಮ್ಮೆ ಸಾವಿರಾರು ಬೆಸುಗೆ ಕೀಲುಗಳಿರುವ ಈ ಸಾಧನ ಕಾಲಕ್ರಮದಲ್ಲಿ ಸೋರುವುದು ಸಹಜ. ಅಂದಿನ ತಣಿಸುವ ವ್ಯವಸ್ಥೆಗೆ ಒತ್ತಡದ ಮುಚ್ಚಳವಾಗಲಿ ಹೆಚ್ಚುವರಿ ನೀರಿನ ತೊಟ್ಟಿಯಾಗಲಿ ಇರಲಿಲ್ಲ. ಹೀಗಾಗಿ ಸಣ್ಣ ಸೋರಿಕೆಯೂ ಎಂಜಿನ್ನಿಗೆ ದೊಡ್ಡ ಕುತ್ತು ತರಬಲ್ಲದು. ಹಳೆಯ ಕಾರುಗಳನ್ನು ಓಡುವ ಸ್ಥಿತಿಯಲ್ಲಿ ಉಳಿಸಿಕೊಳ್ಳುವವರಿಗೆ ಸೋರಿಕೆಯ ಮೂಲ ಹುಡುಕುವುದು, ಅದಕ್ಕೆ ತಕ್ಕ ದುರಸ್ತಿ ಆರಿಸುವುದು ಇಂದಿಗೂ ಮುಖ್ಯ ಕೆಲಸ.

ಹಿನ್ನೆಲೆ

ಮೊದಲ ಕಾರುಗಳಿಗೆ ರೇಡಿಯೇಟರೇ ಇರಲಿಲ್ಲ. ಕಾರ್ಲ್ ಬೆಂಜ್ 1886ರಲ್ಲಿ ಪೇಟೆಂಟ್ ಪಡೆದ ಮೂರು ಗಾಲಿಯ ವಾಹನದಲ್ಲಿ ಸಿಲಿಂಡರಿನ ಸುತ್ತಲಿನ ನೀರು ಕುದಿದು ಆವಿಯಾಗಿ ಶಾಖವನ್ನು ಒಯ್ಯುತ್ತಿತ್ತು. ಆವಿಯಾದಷ್ಟು ನೀರನ್ನು ಮತ್ತೆ ಸುರಿಯಬೇಕಿತ್ತು. 1888ರ ಆಗಸ್ಟ್‌ನಲ್ಲಿ ಬೆರ್ತಾ ಬೆಂಜ್ ತಮ್ಮ ಇಬ್ಬರು ಗಂಡುಮಕ್ಕಳೊಂದಿಗೆ ಮ್ಯಾನ್‌ಹೈಮ್‌ನಿಂದ ಫೋರ್ಜ್‌ಹೈಮ್‌ಗೆ ನೂರಕ್ಕೂ ಹೆಚ್ಚು ಕಿ.ಮೀ. ಪ್ರಯಾಣಿಸಿದಾಗ ದಾರಿಯುದ್ದಕ್ಕೂ ನೀರಿಗಾಗಿ ನಿಲ್ಲಬೇಕಾಯಿತು.

ಎಂಜಿನ್ನಿನ ಶಕ್ತಿ ಹೆಚ್ಚಿದಂತೆ ಈ ವಿಧಾನ ಸಾಲದಾಯಿತು. ಡೈಮ್ಲರ್ ಕಂಪನಿಯ ಎಂಜಿನಿಯರ್ ವಿಲ್‌ಹೆಲ್ಮ್ ಮೇಬಾಕ್ 1897ರಲ್ಲಿ ಕೊಳವೆ ರೇಡಿಯೇಟರನ್ನೂ 1900ರಲ್ಲಿ ಜೇನುಗೂಡು ರೇಡಿಯೇಟರನ್ನೂ ರೂಪಿಸಿದರು. 1900ರ ಡಿಸೆಂಬರ್ 22ರಂದು ಎಮಿಲ್ ಯೆಲಿನೆಕ್ ಅವರಿಗೆ ಒಪ್ಪಿಸಲಾದ ಮೊದಲ ಮರ್ಸಿಡಿಸ್ 35 ಅಶ್ವಶಕ್ತಿಯ ಕಾರಿನಲ್ಲಿ ಈ ಎರಡನೆಯ ಬಗೆಯದಿತ್ತು. ಅದರಲ್ಲಿ 6 ಮಿ.ಮೀ. ಚೌಕದ 8,070 ಪುಟ್ಟ ಕೊಳವೆಗಳನ್ನು ಒಟ್ಟಿಗೆ ಬೆಸೆಯಲಾಗಿತ್ತು. ಹಿಂದಿನ ಮಾದರಿಗೆ 18 ಲೀಟರ್ ನೀರು ಬೇಕಿದ್ದರೆ ಇದಕ್ಕೆ 9 ಲೀಟರ್ ಸಾಕಾಯಿತು. ಕಾರಿನ ಮುಂಭಾಗದಲ್ಲಿ ನಿಲ್ಲುವ ರೇಡಿಯೇಟರ್ ಕ್ರಮೇಣ ಆಯಾ ಕಂಪನಿಯ ಗುರುತೂ ಆಯಿತು. ರೋಲ್ಸ್ ರಾಯ್ಸ್‌ನ ರೇಡಿಯೇಟರ್ ಕವಚವನ್ನು ಕೈಯಿಂದಲೇ ತಿದ್ದಿ ಬೆಸೆಯುತ್ತಿದ್ದರು. ಫ್ರಾನ್ಸಿನ ರೆನೋ ಕಂಪನಿ ಮಾತ್ರ 1920ರ ದಶಕದ ಕೊನೆಯವರೆಗೂ ರೇಡಿಯೇಟರನ್ನು ಎಂಜಿನ್ನಿನ ಹಿಂದೆಯೇ ಇರಿಸಿತು. ಅಮೆರಿಕದ ಫ್ರಾಂಕ್ಲಿನ್ ಕಂಪನಿ ಗಾಳಿಯಿಂದಲೇ ತಣಿಯುವ ಎಂಜಿನ್ ಬಳಸಿ ರೇಡಿಯೇಟರಿನ ಗೊಡವೆಯನ್ನೇ ಕೈಬಿಟ್ಟಿತು.

1908ರಿಂದ 1927ರವರೆಗೆ ತಯಾರಾದ ಫೋರ್ಡ್ ಮಾಡೆಲ್ ಟಿ ಕಾರಿನ ರೇಡಿಯೇಟರ್ ಈ ಕಾಲದ ಅತಿ ಸಾಮಾನ್ಯ ಮಾದರಿ. ನೆಟ್ಟಗೆ ನಿಂತ ಕೊಳವೆಗಳು, ಅವುಗಳಿಗೆ ಅಡ್ಡಲಾಗಿ ಪೋಣಿಸಿದ ತೆಳು ತಗಡುಗಳು, ಮೇಲೊಂದು ಕೆಳಗೊಂದು ತೊಟ್ಟಿ, ಒಟ್ಟು ಸುಮಾರು 11 ಲೀಟರ್ ನೀರು. ಅದರ ಹೊಳೆಯುವ ಹಿತ್ತಾಳೆ ಕವಚಕ್ಕೆ ಬದಲಾಗಿ 1917ರ ಮಾದರಿಯಿಂದ ಕಪ್ಪು ಬಣ್ಣದ ಉಕ್ಕಿನ ಕವಚ ಬಂತು.

ರಚನೆ ಮತ್ತು ಕಾರ್ಯ

ಆರಂಭಿಕ ರೇಡಿಯೇಟರುಗಳಲ್ಲಿ ಮೂರು ಮುಖ್ಯ ಬಗೆಗಳಿವೆ. ಮೊದಲನೆಯದು ರೆಕ್ಕೆ ಕೊಳವೆಯದು. ಹಾವಿನಂತೆ ಸುತ್ತಿದ ಕೊಳವೆಗೆ ತಗಡಿನ ಬಿಲ್ಲೆಗಳನ್ನು ಪೋಣಿಸಿರುತ್ತಾರೆ. ಕೀಲುಗಳು ಕಡಿಮೆಯಾದ್ದರಿಂದ ಸೋರಿಕೆಯೂ ಕಡಿಮೆ, ಹುಡುಕುವುದೂ ಸುಲಭ. ಎರಡನೆಯದು ನಿಜವಾದ ಜೇನುಗೂಡು. ಇದರಲ್ಲಿ ಗಾಳಿ ಕೊಳವೆಗಳ ಒಳಗೆ ಹರಿಯುತ್ತದೆ, ನೀರು ಅವುಗಳ ನಡುವಿನ ಸಂದಿಯಲ್ಲಿ ಇಳಿಯುತ್ತದೆ. ಪ್ರತಿ ಕೊಳವೆಯ ಎರಡೂ ತುದಿಗಳನ್ನು ಹಿಗ್ಗಿಸಿ, ಒಂದರ ಪಕ್ಕ ಒಂದನ್ನು ಚೌಕಟ್ಟಿನಲ್ಲಿ ಬಿಗಿದು, ಕರಗಿದ ಬೆಸುಗೆಯಲ್ಲಿ ಅದ್ದಿ ಜೋಡಿಸಲಾಗುತ್ತದೆ. ಮೂರನೆಯದು ಕೊಳವೆ-ತಗಡಿನ ಬಗೆ. ಇಲ್ಲಿ ನೀರು ಕೊಳವೆಯ ಒಳಗೂ ಗಾಳಿ ಹೊರಗೂ ಹರಿಯುತ್ತದೆ. ಇವಲ್ಲದೆ, ಮುಂದಿನಿಂದ ಜೇನುಗೂಡಿನಂತೆ ಕಂಡರೂ ಸುಕ್ಕುಗಟ್ಟಿಸಿದ ತಗಡಿನ ಪಟ್ಟಿಗಳನ್ನು ಜೋಡಿಸಿ ನೆಟ್ಟಗಿನ ನೀರಿನ ಹಾದಿ ಮಾಡಿರುವ ಹುಸಿ ಜೇನುಗೂಡುಗಳೂ ಇವೆ. ದುರಸ್ತಿಗೆ ಮುನ್ನ ಕೈಯಲ್ಲಿರುವುದು ಯಾವ ಬಗೆಯದೆಂದು ತಿಳಿಯಬೇಕು. ಒಂದು ಬಗೆಗೆ ಒಗ್ಗುವ ಉಪಾಯ ಇನ್ನೊಂದಕ್ಕೆ ಒಗ್ಗುವುದಿಲ್ಲ.

ನೀರನ್ನು ಹರಿಸುವ ವಿಧಾನ ಎರಡು. ಮರ್ಸಿಡಿಸ್‌ನಂಥ ಕಾರುಗಳಲ್ಲಿ ಪಂಪು ಇರುತ್ತಿತ್ತು. ಮಾಡೆಲ್ ಟಿ ಮೊದಲ ಕೆಲವು ತಿಂಗಳ ಬಳಿಕ ಪಂಪನ್ನು ಬಿಟ್ಟು ಥರ್ಮೋಸೈಫನ್ ಕ್ರಮಕ್ಕೆ ಬಂತು. ಬಿಸಿನೀರು ಹಗುರಾಗಿ ಮೇಲೇರಿ ರೇಡಿಯೇಟರಿನ ಮೇಲಿನ ತೊಟ್ಟಿ ಸೇರುತ್ತದೆ, ಅಲ್ಲಿಂದ ತಣಿಯುತ್ತ ಇಳಿದು ಎಂಜಿನ್ನಿನ ಬುಡಕ್ಕೆ ಮರಳುತ್ತದೆ. ಈ ಹರಿವು ನಡೆಯಲು ಮೇಲಿನ ಹೋಸ್ ಸೇರುವ ಬಾಯಿ ನೀರಿನಲ್ಲಿ ಮುಳುಗಿರಲೇಬೇಕು. ಮಟ್ಟ ಆ ಬಾಯಿಗಿಂತ ಕೆಳಗಿಳಿದರೆ ಹರಿವು ಕಡಿಯುತ್ತದೆ. ರೇಡಿಯೇಟರಿನಲ್ಲಿ ಇನ್ನೂ ಮುಕ್ಕಾಲು ಪಾಲು ನೀರಿದ್ದರೂ ಎಂಜಿನ್ನಿನ ಸುತ್ತಲಿನ ನೀರು ನಿಂತಲ್ಲೇ ಕುದಿಯತೊಡಗುತ್ತದೆ. ಹನಿ ಹನಿಯಾಗಿ ಸೋರುತ್ತಿದ್ದ ಕಾರು ಅರ್ಧ ದಾರಿಯಲ್ಲಿ ಇದ್ದಕ್ಕಿದ್ದಂತೆ ಹಬೆ ಉಗುಳುವುದಕ್ಕೆ ಇದೇ ಕಾರಣ.

ಸೋರಿಕೆಯ ಕಾರಣಗಳು

ಅದುರುವಿಕೆ: ಆರಂಭಿಕ ಕಾರುಗಳ ಚಾಸಿ ಬಿಗಿಯಾಗಿರುತ್ತಿರಲಿಲ್ಲ. ಹಳ್ಳದಿಣ್ಣೆಯ ರಸ್ತೆಯಲ್ಲಿ ಅದು ತಿರುಚಿಕೊಂಡಾಗ ಆ ತಿರುಚು ರೇಡಿಯೇಟರಿಗೂ ತಾಗುತ್ತದೆ. ಇದನ್ನು ತಡೆಯಲು ತಳದಲ್ಲಿ ಸ್ಪ್ರಿಂಗ್, ತೊಗಲು ಅಥವಾ ರಬ್ಬರ್ ಇಟ್ಟು ಸಡಿಲವಾಗಿ ಕೂರಿಸುತ್ತಿದ್ದರು. ಆ ಮೆತ್ತೆ ಸವೆದರೆ, ಅಥವಾ ಯಾರೋ ಬೋಲ್ಟನ್ನು ಗಟ್ಟಿಯಾಗಿ ಬಿಗಿದುಬಿಟ್ಟರೆ, ತೊಟ್ಟಿಯ ಮೂಲೆ ಮತ್ತು ಪಕ್ಕದ ಬ್ರ್ಯಾಕೆಟ್‌ನ ಬೆಸುಗೆ ಬಿರಿಯುತ್ತದೆ.

ತುಕ್ಕು ಮತ್ತು ಸವೆತ: ಎರಕದ ಕಬ್ಬಿಣದ ಎಂಜಿನ್, ಹಿತ್ತಾಳೆಯ ರೇಡಿಯೇಟರ್, ಕೆಲವೆಡೆ ಅಲ್ಯೂಮಿನಿಯಂ ಭಾಗಗಳು ಒಂದೇ ನೀರಿನಲ್ಲಿ ನೆನೆಯುತ್ತಿರುವಾಗ ವಿದ್ಯುದ್ರಾಸಾಯನಿಕ ಸವೆತ ನಡೆಯುತ್ತದೆ. ಹಿತ್ತಾಳೆ ತಾಮ್ರ ಮತ್ತು ಸತುವಿನ ಮಿಶ್ರಲೋಹ. ಸತುವಿನ ಪ್ರಮಾಣ ಶೇ. 15ಕ್ಕಿಂತ ಹೆಚ್ಚಿರುವ ಹಿತ್ತಾಳೆಯಿಂದ ಸತು ಮಾತ್ರ ಕರಗಿಹೋಗಿ ರಂಧ್ರಮಯವಾದ ನಸುಗೆಂಪು ತಾಮ್ರ ಉಳಿಯುವುದುಂಟು. ಉಜ್ಜಿದಾಗ ಹಳದಿಯ ಬದಲು ಗುಲಾಬಿ ಬಣ್ಣ ಕಾಣಿಸಿದರೆ ಆ ತಗಡಿನ ಆಯುಸ್ಸು ಮುಗಿದಿದೆ ಎಂದೇ ಅರ್ಥ.

ಅಮೋನಿಯಾ: ಬಾಗಿಸಿ, ಹಿಗ್ಗಿಸಿ ಒಳಗೇ ಬಿಗುವು ಉಳಿದಿರುವ ಹಿತ್ತಾಳೆಯನ್ನು ಅಮೋನಿಯಾ ಬಿರುಕು ಬಿಡಿಸುತ್ತದೆ. ಈ ರೋಗ ಮೊದಲು ಗಮನಕ್ಕೆ ಬಂದದ್ದು ಹತ್ತೊಂಬತ್ತನೆಯ ಶತಮಾನದ ಭಾರತದಲ್ಲಿ. ಬ್ರಿಟಿಷ್ ಸೈನ್ಯ ಮಳೆಗಾಲದಲ್ಲಿ ಕುದುರೆ ಲಾಯಗಳ ಬಳಿ ಇರಿಸಿದ್ದ ತೋಟಾಗಳ ಹಿತ್ತಾಳೆ ಕವಚಗಳು ತಾವಾಗಿಯೇ ಸೀಳಿದವು. ಕುದುರೆಯ ಮೂತ್ರದಿಂದ ಏಳುವ ಅಮೋನಿಯಾ ಮತ್ತು ತೇವ ಸೇರಿ ಹೀಗಾಗುತ್ತದೆಂದು ಮೂರ್, ಬೆಕಿನ್‌ಸೇಲ್, ಮ್ಯಾಲಿನ್‌ಸನ್ ಎಂಬ ಲೋಹವಿಜ್ಞಾನಿಗಳು 1921ರಲ್ಲಿ ವಿವರಿಸಿದರು. ಹಳೆಯ ಕಾರನ್ನು ದನದ ಕೊಟ್ಟಿಗೆಯಲ್ಲೋ ಗೊಬ್ಬರದ ಚೀಲಗಳ ಪಕ್ಕದಲ್ಲೋ ನಿಲ್ಲಿಸುವುದು, ಅಮೋನಿಯಾ ಬೆರೆತ ಪಾಲಿಶ್‌ನಿಂದ ಹಿತ್ತಾಳೆ ಕವಚವನ್ನು ಉಜ್ಜಿ ತೊಳೆಯದೆ ಬಿಡುವುದು ಇದೇ ಕಾರಣಕ್ಕೆ ಸಲ್ಲದು.

ಹೆಪ್ಪುಗಟ್ಟುವಿಕೆ: ನೀರು ಮಂಜುಗಡ್ಡೆಯಾಗುವಾಗ ಗಾತ್ರದಲ್ಲಿ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಯುರೋಪ್ ಮತ್ತು ಉತ್ತರ ಅಮೆರಿಕದಲ್ಲಿ ಚಳಿಗಾಲದ ರಾತ್ರಿ ನೀರನ್ನು ಪೂರ್ತಿ ಬಸಿಯದೆ ಬಿಟ್ಟ ರೇಡಿಯೇಟರುಗಳ ಕೊಳವೆಗಳು ಹೀಗೆ ಒಡೆಯುತ್ತಿದ್ದವು. ಇದನ್ನು ತಡೆಯಲು ಆಲ್ಕೋಹಾಲ್, ಗ್ಲಿಸರಿನ್, ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸುತ್ತಿದ್ದರು. ಆಲ್ಕೋಹಾಲ್ ಬೇಗ ಆವಿಯಾಗುತ್ತಿತ್ತು. ಕ್ಯಾಲ್ಸಿಯಂ ಕ್ಲೋರೈಡ್ ಲೋಹವನ್ನೇ ತಿನ್ನುತ್ತಿತ್ತು. ಅಮೆರಿಕದಲ್ಲಿ 1927ರಲ್ಲಿ ಎಥಿಲೀನ್ ಗ್ಲೈಕಾಲ್‌ನ ಪ್ರೆಸ್ಟೋನ್ ಮಾರುಕಟ್ಟೆಗೆ ಬಂದ ಮೇಲೆ ಈ ಪಾಡು ತಪ್ಪಿತು.

ಗಡಸು ನೀರು: ಸುಣ್ಣದಂಶದ ನೀರು ಕಾದಾಗ ಕೊಳವೆಯ ಒಳಗೆ ಬಿಳಿಯ ಪದರ ಕಟ್ಟುತ್ತದೆ. ಹಾದಿ ಕಿರಿದಾಗಿ ಶಾಖ ಏರುತ್ತದೆ, ನೀರು ಕುದಿಯುತ್ತದೆ, ಬೆಸುಗೆಗಳು ಪದೇ ಪದೇ ಹಿಗ್ಗಿ ಕುಗ್ಗಿ ದಣಿಯುತ್ತವೆ. ಕಟ್ಟಿಕೊಂಡ ರೇಡಿಯೇಟರಿಗೆ ಬೆಸುಗೆ ಹಾಕಿದರೆ ತೂತು ಮುಚ್ಚುತ್ತದೆ, ರೋಗ ಉಳಿಯುತ್ತದೆ.

ಪತ್ತೆ

ಮೊದಲು ಕೇಳಬೇಕಾದ ಪ್ರಶ್ನೆ, ಇದು ಸೋರಿಕೆಯೇ ಅಲ್ಲವೇ ಎಂಬುದು. ನೀರು 20 ಡಿಗ್ರಿಯಿಂದ 90 ಡಿಗ್ರಿ ಸೆಲ್ಸಿಯಸ್‌ಗೆ ಕಾದರೆ ಸುಮಾರು ಶೇ. 3.4ರಷ್ಟು ಹಿಗ್ಗುತ್ತದೆ. ಹತ್ತು ಲೀಟರ್ ಹಿಡಿಯುವ ರೇಡಿಯೇಟರನ್ನು ಕಂಠಮಟ್ಟ ತುಂಬಿದರೆ ಲೀಟರಿನ ಸುಮಾರು ಮೂರನೆಯ ಒಂದು ಭಾಗದಷ್ಟು ನೀರನ್ನು ಓವರ್‌ಫ್ಲೋ ಕೊಳವೆ ಹೊರಹಾಕಲೇಬೇಕು. ಆಮೇಲೆ ಮಟ್ಟ ಒಂದು ಹಂತದಲ್ಲಿ ನಿಂತರೆ ಅದು ಸೋರಿಕೆಯಲ್ಲ, ತುಂಬಿದ್ದೇ ಹೆಚ್ಚಾಯಿತು. ಎರಡನೆಯದು ಕುದಿತ. ಇಗ್ನಿಷನ್ ಟೈಮಿಂಗನ್ನು ಕೈಯಿಂದ ಹಿಂದುಮುಂದು ಮಾಡುವ ಕಾರುಗಳಲ್ಲಿ ಸನ್ನೆಗೋಲು ಹಿಂದೆಯೇ ಉಳಿದರೆ ಎಂಜಿನ್ ವಿಪರೀತ ಕಾಯುತ್ತದೆ. ಸಡಿಲವಾದ ಫ್ಯಾನ್ ಬೆಲ್ಟ್, ತೆಳುವಾದ ಪೆಟ್ರೋಲ್ ಮಿಶ್ರಣ, ಹಿಡಿದುಕೊಂಡ ಬ್ರೇಕು ಕೂಡ ಹೀಗೆ ಮಾಡಬಲ್ಲವು. ಹಬೆಯಾಗಿ ಹೋದ ನೀರಿಗೆ ರೇಡಿಯೇಟರಿನಲ್ಲಿ ತೂತು ಹುಡುಕಿ ಫಲವಿಲ್ಲ.

ನಿಜವಾಗಿ ಸೋರುತ್ತಿದೆ ಎಂದಾದರೆ ಕಣ್ಣಿನ ಪರೀಕ್ಷೆಯಿಂದ ಆರಂಭಿಸಬೇಕು. ಕಾರು ರಾತ್ರಿಯಿಡೀ ತಣ್ಣಗೆ ನಿಂತ ಮೇಲೆ, ಕೆಳಗೆ ಹಾಸಿದ ಒಣ ಕಾಗದ ಅಥವಾ ರಟ್ಟಿನ ಮೇಲಿನ ಕಲೆ ಹನಿ ಬಿದ್ದ ಜಾಗ ತೋರಿಸುತ್ತದೆ. ಆದರೆ ಹನಿ ಬೀಳುವ ಜಾಗ ಬೇರೆ, ಸೋರುವ ಜಾಗ ಬೇರೆ. ನೀರು ತಗಡಿನ ಅಂಚು ಹಿಡಿದು ಎಷ್ಟೋ ದೂರ ಹರಿದು ಕೊನೆಗೆ ಕೆಳಮೂಲೆಯಲ್ಲಿ ತೊಟ್ಟಿಕ್ಕುತ್ತದೆ. ಹೀಗಾಗಿ ಒದ್ದೆಗಿಂತ ಒಣಕಲೆ ಹೆಚ್ಚು ನಂಬಲರ್ಹ. ಹಸಿರು ಕಿಲುಬು ಕಂಡರೆ ತಾಮ್ರ ಅಥವಾ ಹಿತ್ತಾಳೆಯ ಮೂಲಕ ನೀರು ಬಹುಕಾಲದಿಂದ ಜಿನುಗುತ್ತಿದೆ. ಬಿಳಿಯ ಪುಡಿ ಸುಣ್ಣದ್ದಿರಬಹುದು, ಸೀಸದ ಬೆಸುಗೆ ಕೊಳೆತು ಬಂದದ್ದೂ ಇರಬಹುದು. ಕಂದುಗೆಂಪು ಗೆರೆ ಎಂಜಿನ್ ಬ್ಲಾಕಿನ ತುಕ್ಕನ್ನು ಹೊತ್ತು ತಂದ ನೀರಿನದು. ಕಲೆಯ ಅತಿ ಮೇಲಿನ ತುದಿ ಎಲ್ಲಿದೆಯೋ ಅಲ್ಲಿಂದ ಹುಡುಕಾಟ ಶುರು ಮಾಡಬೇಕು.

ರೇಡಿಯೇಟರನ್ನು ದೂರುವ ಮೊದಲು ಅದರ ನೆರೆಹೊರೆಯನ್ನು ನೋಡುವುದು ವಾಡಿಕೆ. ರಬ್ಬರ್ ಹೋಸ್‌ಗಳು ಹಳತಾದರೆ ತಣ್ಣಗಿರುವಾಗ ಕುಗ್ಗಿ ಸೋರುತ್ತವೆ, ಬಿಸಿಯಾದಾಗ ಹಿಗ್ಗಿ ನಿಲ್ಲುತ್ತವೆ. ಲೋಹದ ಬಿರುಕು ಹಲವು ವೇಳೆ ಇದಕ್ಕೆ ತದ್ವಿರುದ್ಧ: ಬಿಸಿಯಲ್ಲಿ ಬಾಯಿ ಬಿಡುತ್ತದೆ, ತಣ್ಣಗಾದಾಗ ಮುಚ್ಚಿಕೊಳ್ಳುತ್ತದೆ. ಆದ್ದರಿಂದ ಕಾರನ್ನು ತಣ್ಣಗಿರುವಾಗಲೂ ಎಂಜಿನ್ ಓಡುತ್ತಿರುವಾಗಲೂ ಆಫ್ ಮಾಡಿದ ಹತ್ತು ನಿಮಿಷದ ಬಳಿಕವೂ ನೋಡಬೇಕು. ಪಂಪು ಇರುವ ಕಾರುಗಳಲ್ಲಿ ಅದರ ದಂಡ ಹೊರಬರುವ ಗ್ಲ್ಯಾಂಡಿನಲ್ಲಿ ಗ್ರ್ಯಾಫೈಟ್ ಹಚ್ಚಿದ ಹುರಿ ಸುತ್ತಿರುತ್ತದೆ. ಅಲ್ಲಿಂದ ಬಿದ್ದ ನೀರನ್ನು ಫ್ಯಾನ್ ಎಲ್ಲೆಡೆ ಎರಚಿ, ರೇಡಿಯೇಟರೇ ಸೋರುತ್ತಿದೆ ಎಂಬ ಭ್ರಮೆ ಹುಟ್ಟಿಸುತ್ತದೆ. ಕೆಳಗಿನ ನಲ್ಲಿಯ ತಿರುಪು, ಮುಚ್ಚಳದ ತೊಗಲ ವಾಷರ್, ಬ್ಲಾಕಿನ ಪ್ಲಗ್ಗುಗಳು ಕೂಡ ಈ ಪಟ್ಟಿಯಲ್ಲಿವೆ.

ಕೆಲವೊಮ್ಮೆ ನೀರು ಹೊರಗೆ ಎಲ್ಲೂ ಕಾಣದೆ ಕಡಿಮೆಯಾಗುತ್ತದೆ. ಆಗ ಸಂಶಯ ಸಿಲಿಂಡರ್ ಹೆಡ್ ಗ್ಯಾಸ್ಕೆಟ್ ಅಥವಾ ಬ್ಲಾಕಿನ ಬಿರುಕಿನ ಮೇಲೆ. ಎಂಜಿನ್ ಆಯಿಲ್ ಹಾಲು ಬೆರೆಸಿದಂತೆ ಬೆಳ್ಳಗಾಗುವುದು, ಎಂಜಿನ್ ಬಿಸಿಯಾದ ಮೇಲೂ ಸೈಲೆನ್ಸರ್‌ನಿಂದ ಬಿಳಿ ಹಬೆ ಬರುವುದು, ತಣ್ಣನೆಯ ಎಂಜಿನ್ನನ್ನು ಚಾಲೂ ಮಾಡಿದ ಕೂಡಲೇ ರೇಡಿಯೇಟರಿನ ಬಾಯಲ್ಲಿ ಗುಳ್ಳೆಗಳು ಏಳುವುದು ಇದರ ಲಕ್ಷಣಗಳು. ಇಂಥ ಕಾರಿನ ರೇಡಿಯೇಟರಿಗೆ ಎಷ್ಟು ಬೆಸುಗೆ ಹಾಕಿದರೂ ನೀರು ನಿಲ್ಲುವುದಿಲ್ಲ.

ತೊಟ್ಟಿಯ ಪರೀಕ್ಷೆ

ಸೋರಿಕೆ ರೇಡಿಯೇಟರಿನದೇ ಎಂದು ಖಚಿತವಾದ ಮೇಲೆ ಅದನ್ನು ಕಾರಿನಿಂದ ಇಳಿಸಿ ನೀರಿನ ತೊಟ್ಟಿಯಲ್ಲಿ ಮುಳುಗಿಸಿ ನೋಡುವುದು ನೂರು ವರ್ಷಗಳಿಂದ ನಡೆದುಬಂದ ಕ್ರಮ. ಮೇಲಿನ ಮತ್ತು ಕೆಳಗಿನ ಬಾಯಿಗಳಿಗೆ, ಓವರ್‌ಫ್ಲೋ ಕೊಳವೆಗೆ ರಬ್ಬರ್ ಬಿರಡೆ ಜಡಿದು, ಒಂದರ ಮೂಲಕ ಗಾಳಿ ತುಂಬುತ್ತಾರೆ. ಇಲ್ಲಿ ಎಚ್ಚರ ಬೇಕಾದದ್ದು ಒತ್ತಡದ ವಿಷಯದಲ್ಲಿ. ಅರ್ಧ ಮೀಟರ್ ಎತ್ತರದ ರೇಡಿಯೇಟರಿನ ತಳದಲ್ಲಿ ಅದರದೇ ನೀರಿನ ಭಾರದಿಂದ ಬೀಳುವ ಒತ್ತಡ ಸುಮಾರು 0.05 ಬಾರ್ ಮಾತ್ರ. ಪರೀಕ್ಷೆಗೆ 0.2 ಬಾರ್, ಅಂದರೆ ಸುಮಾರು 3 ಪಿಎಸ್‌ಐ, ಧಾರಾಳವಾಗಿ ಸಾಕು. ಅಷ್ಟಕ್ಕೇ 50 ಸೆಂ.ಮೀ. ಉದ್ದ 10 ಸೆಂ.ಮೀ. ಎತ್ತರದ ರೇಡಿಯೇಟರ್ ತೊಟ್ಟಿಯ ಗೋಡೆಯ ಮೇಲೆ ನೂರು ಕಿಲೋ ಭಾರದಷ್ಟು ಬಲ ಬೀಳುತ್ತದೆ. ಗ್ಯಾರೇಜಿನ ಕಂಪ್ರೆಸರಿನಲ್ಲಿ ಹಲವು ಬಾರ್ ಒತ್ತಡ ಇರುವುದರಿಂದ ಅದನ್ನು ನೇರವಾಗಿ ಜೋಡಿಸಿದರೆ ಚಪ್ಪಟೆ ತೊಟ್ಟಿ ಉಬ್ಬಿ, ಸೋರದೆ ಇದ್ದ ಕೀಲುಗಳೂ ಬಿರಿಯುತ್ತವೆ. ಒತ್ತಡಮಾಪಕ ಕೂರಿಸಿದ ಸೈಕಲ್ ಪಂಪು ಈ ಕೆಲಸಕ್ಕೆ ಹೆಚ್ಚು ಸುರಕ್ಷಿತ.

ಮುಳುಗಿಸಿದ ಕೂಡಲೇ ತಗಡುಗಳ ನಡುವೆ ಸಿಕ್ಕಿಕೊಂಡ ಗಾಳಿ ಗುಳ್ಳೆಯಾಗಿ ಏಳುತ್ತದೆ. ಅದು ಅಡಗುವವರೆಗೆ ರೇಡಿಯೇಟರನ್ನು ಅಲ್ಲಾಡಿಸಿ ಕಾಯಬೇಕು. ಬಳಿಕ ಒಂದೇ ಜಾಗದಿಂದ, ಒಂದೇ ಲಯದಲ್ಲಿ ಏಳುವ ಗುಳ್ಳೆಸಾಲು ತೂತಿನದು. ದೊಡ್ಡ ತೂತಿನ ಗುಳ್ಳೆಗಳು ಬುಳುಬುಳು ಎದ್ದರೆ, ಕೂದಲೆಳೆಯ ಬಿರುಕಿನಿಂದ ಸಾಸಿವೆಗಿಂತ ಸಣ್ಣ ಗುಳ್ಳೆಗಳು ದಾರದಂತೆ ಏಳುತ್ತವೆ. ತೊಟ್ಟಿಯಿಂದ ಎತ್ತಿದ ಮೇಲೆ ಜಾಗ ಮರೆತುಹೋಗುವುದರಿಂದ ನೀರಿನೊಳಗೇ ಆ ಸ್ಥಳಕ್ಕೆ ತಂತಿಯ ತುಂಡು ಸಿಕ್ಕಿಸಿ ಗುರುತು ಮಾಡುವುದು ಕೆಲಸಗಾರರ ರೂಢಿ. ಜೇನುಗೂಡಿನಲ್ಲಿ ಇನ್ನೊಂದು ತೊಡಕಿದೆ. ಮುಂದಿನ ಮುಖದಲ್ಲಿ ಏಳುವ ಗುಳ್ಳೆ ಕೊಳವೆಯ ಒಳಗಿನ ತೂತಿನದೋ ತುದಿಯ ಬೆಸುಗೆಯದೋ ತಿಳಿಯುವುದಿಲ್ಲ. ರೇಡಿಯೇಟರನ್ನು ಮಗುಚಿ, ಒಮ್ಮೆ ಮುಂಬದಿ ಮೇಲೆ, ಒಮ್ಮೆ ಹಿಂಬದಿ ಮೇಲೆ ಇಟ್ಟು ನೋಡಿದರೆ ಮಾತ್ರ ನಿರ್ಧರಿಸಬಹುದು. ಎರಡೂ ಬದಿಯಿಂದ ಅದೇ ಕೊಳವೆ ಗುಳ್ಳೆ ಬಿಟ್ಟರೆ ತೂತು ಒಳಗಿದೆ.

ಇಳಿಸಿದ ರೇಡಿಯೇಟರಿನ ಹರಿವನ್ನೂ ನೋಡಬೇಕು. ಮೇಲಿನಿಂದ ಬಕೆಟ್ ನೀರನ್ನು ಒಮ್ಮೆಲೇ ಸುರಿದರೆ ಕೆಳಬಾಯಿಯಿಂದ ಧಾರೆಯಾಗಿ ಹೊರಬರಬೇಕು. ನೀರು ಮೇಲೆಯೇ ಉಕ್ಕಿದರೆ ಕೊಳವೆಗಳು ಕಟ್ಟಿಕೊಂಡಿವೆ. ಕಾರಿನಲ್ಲಿರುವಾಗ ಎಂಜಿನ್ ಬಿಸಿಯಾಗಿ ನಿಂತ ಬಳಿಕ ಮುಖದ ಮೇಲೆ ಅಂಗೈ ಆಡಿಸಿದರೆ ಅಲ್ಲಲ್ಲಿ ತಣ್ಣನೆಯ ಪಟ್ಟೆಗಳು ಸಿಗುವುದೂ ಇದೇ ದೋಷದ ಸೂಚನೆ.

ಶುದ್ಧಿ ಮತ್ತು ಬೆಸುಗೆ

ದುರಸ್ತಿಯ ಮೊದಲ ಹಂತ ಒಳಗಿನ ಕೊಳೆ ತೆಗೆಯುವುದು. ಕೆಳಬಾಯಿಯಿಂದ ನೀರು ನುಗ್ಗಿಸಿ ಮೇಲಿನಿಂದ ಹೊರಬಿಡುವ ಹಿಮ್ಮುಖ ತೊಳೆತ ಸಡಿಲ ಕೆಸರನ್ನು ತೆಗೆಯುತ್ತದೆ. ಜಿಡ್ಡಿಗೆ ವಾಷಿಂಗ್ ಸೋಡಾ, ಸುಣ್ಣದ ಪದರಕ್ಕೆ ಸಿಟ್ರಿಕ್ ಆಮ್ಲದ ತೆಳು ದ್ರಾವಣ ಸಾಕು. ಕಾಸ್ಟಿಕ್ ಸೋಡಾ ಅಲ್ಯೂಮಿನಿಯಂ ಭಾಗಗಳನ್ನು ಕರಗಿಸುತ್ತದೆ. ತೀಕ್ಷ್ಣ ಹೈಡ್ರೋಕ್ಲೋರಿಕ್ ಆಮ್ಲ ಹಿತ್ತಾಳೆಯ ಸತುವನ್ನು ತಿನ್ನುತ್ತದೆ. ಕೆಲವು ಹಳೆಯ ರೇಡಿಯೇಟರುಗಳಲ್ಲಿ ಸೋರಿಕೆಯನ್ನು ತಡೆದು ನಿಲ್ಲಿಸಿರುವುದು ಆ ಕೊಳೆಯೇ ಆದ್ದರಿಂದ, ತೊಳೆದ ಮೇಲೆ ಹೊಸ ತೂತುಗಳು ಹೊರಬೀಳುವುದು ಅಪರೂಪವಲ್ಲ. ತೊಳೆದ ನಂತರ ತೊಟ್ಟಿಯ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಬೇಕಾದದ್ದು ಇದಕ್ಕಾಗಿ.

ಬೆಸುಗೆಯ ತತ್ತ್ವ ಸರಳ. ಹಿತ್ತಾಳೆ ಕರಗಲು 900 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಶಾಖ ಬೇಕು. ಶೇ. 63 ತವರ, ಶೇ. 37 ಸೀಸದ ಬೆಸುಗೆ 183 ಡಿಗ್ರಿಯಲ್ಲೇ ಕರಗುತ್ತದೆ. ಎರಡೂ ಸಮಪಾಲಿರುವ ಬೆಸುಗೆ 183ರಲ್ಲಿ ಮೆತ್ತಗಾಗತೊಡಗಿ ಸುಮಾರು 215 ಡಿಗ್ರಿಯಲ್ಲಿ ಪೂರ್ತಿ ನೀರಾಗುತ್ತದೆ. ಆದರೆ ಪಕ್ಕದ ಕೀಲುಗಳೂ ಇಷ್ಟೇ ಶಾಖಕ್ಕೆ ಬಿಡುವಂಥವು. ಒಂದನ್ನು ಬೆಸೆಯಲು ಹೋಗಿ ನಾಲ್ಕನ್ನು ಬಿಡಿಸುವ ಅಪಾಯ ಸದಾ ಇರುತ್ತದೆ. ಹೀಗಾಗಿ ತೊಟ್ಟಿಯ ಅಂಚಿನಂಥ ಉದ್ದ ಕೀಲಿಗೆ ಗ್ಯಾಸ್ ಟಾರ್ಚಿಗಿಂತ ತಾಮ್ರದ ದಪ್ಪ ಮೂತಿಯ ಸಾಲ್ಡರಿಂಗ್ ಐರನ್ ಮೇಲು. ಟಾರ್ಚ್ ಬಳಸಲೇಬೇಕಾದರೆ ಸುತ್ತಲಿನ ಕೀಲುಗಳಿಗೆ ಒದ್ದೆ ಬಟ್ಟೆ ಹೊದಿಸುತ್ತಾರೆ. ಒಳಗೆ ಒಂದು ಹನಿ ನೀರು ಉಳಿದಿದ್ದರೂ ಅದು ಶಾಖ ಹೀರಿ ಕೀಲು ಕಾಯಲು ಬಿಡುವುದಿಲ್ಲ.

ಕೆಲಸದ ಕ್ರಮ ಹೀಗೆ. ಸೀಳಿದ ಕೀಲಿನ ಹಳೆಯ ಬೆಸುಗೆಯನ್ನು, ಕಿಲುಬನ್ನು ಕೆರೆದು ತಗಡು ಹೊಸದರಂತೆ ಹೊಳೆಯುವವರೆಗೆ ಉಜ್ಜಬೇಕು. ಅದಕ್ಕೆ ಬೆಸುಗೆ ಹಿಡಿಯಲು ನೆರವಾಗುವ ಫ್ಲಕ್ಸ್ ಸವರಬೇಕು. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಸತುವಿನ ಚೂರುಗಳನ್ನು ಕರಗಿಸಿ ಮಾಡುವ ಸತುವಿನ ಕ್ಲೋರೈಡ್ ಇದರ ಹಳೆಯ ಮತ್ತು ಈಗಲೂ ಬಳಕೆಯಲ್ಲಿರುವ ರೂಪ. ಪಾತ್ರೆಗೆ ಕಲಾಯಿ ಹಾಕುವವರು ಬಳಸುವ ನವಸಾಗರವನ್ನೂ ಐರನ್ನಿನ ಮೂತಿ ಶುದ್ಧ ಮಾಡಲು ಬಳಸುತ್ತಾರೆ. ಮೊದಲು ತಗಡಿನ ಎರಡೂ ಮುಖಗಳಿಗೆ ತೆಳುವಾಗಿ ತವರ ಹಿಡಿಸಿ, ಆಮೇಲೆ ಜೋಡಿಸಿ ಕಾಯಿಸಬೇಕು. ಮಂಕಾಗಿದ್ದ ಬೆಸುಗೆ ಒಮ್ಮೆಲೇ ಕನ್ನಡಿಯಂತೆ ಹೊಳೆದು ಸಂದಿಯೊಳಗೆ ತಾನಾಗಿ ಜಾರಿದರೆ ಕೀಲು ಸರಿಯಾಗಿದೆ. ಮೇಲೆಯೇ ಗೋಲಿಯಂತೆ ನಿಂತರೆ ಲೋಹ ಶುದ್ಧವಾಗಿಲ್ಲ ಅಥವಾ ಕಾದಿಲ್ಲ. ಮೇಲೆ ಗುಡ್ಡೆ ಹಾಕಿದ ಬೆಸುಗೆ ನೋಡಲು ಗಟ್ಟಿ, ಅದುರುವಿಕೆಗೆ ಮಾತ್ರ ನಿಲ್ಲದು. ತೂತಿಗೆ ಬೆಸುಗೆಯ ಹನಿ ಇಡುವುದಕ್ಕಿಂತ ತೆಳು ಹಿತ್ತಾಳೆಯ ತೇಪೆ ಹಾಕಿ ಅಂಚನ್ನು ಬೆಸೆಯುವುದು ಬಾಳಿಕೆ ಬರುತ್ತದೆ. ಕೊನೆಗೆ ಫ್ಲಕ್ಸನ್ನು ಬಿಸಿನೀರಿನಿಂದ ಪೂರ್ತಿ ತೊಳೆಯದಿದ್ದರೆ ಅದು ಕೆಲವೇ ತಿಂಗಳಲ್ಲಿ ಅದೇ ಜಾಗವನ್ನು ತಿನ್ನುತ್ತದೆ. ಹಳೆಯ ಬೆಸುಗೆಯಲ್ಲಿ ಸೀಸ ಇರುವುದರಿಂದ ಗಾಳಿಯಾಡುವ ಕಡೆ ಕೆಲಸ ಮಾಡುವುದು, ಕೆರೆದ ಪುಡಿಯನ್ನು ಗುಡಿಸಿ ಬೇರೆ ಇಡುವುದು, ಊಟಕ್ಕೆ ಮುನ್ನ ಕೈ ತೊಳೆಯುವುದು ಅಗತ್ಯ.

ಬಗೆಗೆ ತಕ್ಕ ದುರಸ್ತಿ

ತೊಟ್ಟಿಯ ಅಂಚು, ಕತ್ತು, ಓವರ್‌ಫ್ಲೋ ಕೊಳವೆಯ ಬುಡ ಕೈಗೆ ಸಿಗುವ ಜಾಗಗಳು. ಅಲ್ಲಿ ಮೇಲಿನ ಕ್ರಮ ಸಾಕು. ಕೊಳವೆ-ತಗಡಿನ ರೇಡಿಯೇಟರಿನ ನಡುವಿನ ಕೊಳವೆ ಸೋರಿದರೆ ಐರನ್ ಅಲ್ಲಿಗೆ ತಲುಪದು. ಆಗ ಮೇಲಿನ ಮತ್ತು ಕೆಳಗಿನ ತೊಟ್ಟಿಗಳನ್ನು ಬಿಚ್ಚಿ ಆ ಕೊಳವೆಯ ಎರಡೂ ತುದಿಗಳನ್ನು ಬೆಸುಗೆಯಿಂದ ಮುಚ್ಚುತ್ತಾರೆ. ಒಂದೆರಡು ಕೊಳವೆ ಹೋದರೆ ತಣಿಸುವ ಶಕ್ತಿ ಅಷ್ಟೇನೂ ಕುಗ್ಗದು. ಸಂಖ್ಯೆ ಹೆಚ್ಚುತ್ತ ಹೋದರೆ ಸೋರಿಕೆ ನಿಂತರೂ ಕಾರು ಕುದಿಯುತ್ತದೆ.

ಜೇನುಗೂಡಿನಲ್ಲಿ ತುದಿಯ ಬೆಸುಗೆ ಬಿಟ್ಟಿದ್ದರೆ ಚೂಪು ಮೂತಿಯ ಐರನ್ನಿನಿಂದ ಸರಿಪಡಿಸಬಹುದು. ಕೊಳವೆಯೇ ತೂತಾಗಿದ್ದರೆ ಅದಕ್ಕಿಂತ ತುಸು ಕಿರಿದಾದ ಹೊಸ ಕೊಳವೆಯನ್ನು ಒಳಗೆ ತೂರಿಸಿ ಎರಡೂ ಕಡೆ ಬೆಸೆಯುತ್ತಾರೆ. ಇದರಿಂದ ಗಾಳಿಯ ಹಾದಿ ಉಳಿಯುತ್ತದೆ, ಮುಂದಿನಿಂದ ನೋಡಿದವರಿಗೆ ದುರಸ್ತಿ ಗೊತ್ತಾಗದು. ಎರಡೂ ತುದಿಗೆ ಬಿರಡೆ ಜಡಿದು ಬೆಸೆಯುವುದು ಸುಲಭ, ಆದರೆ ಅಂದಗೇಡಿ.

ಮಾಡೆಲ್ ಟಿಯಂಥ ಕಾರುಗಳ ಹಳೆಯ ಕೋರ್‌ಗಳಲ್ಲಿ, ಅಂದರೆ ತೊಟ್ಟಿಗಳ ನಡುವಿನ ಕೊಳವೆ-ತಗಡಿನ ಭಾಗದಲ್ಲಿ, ಸೋರಿಕೆಗಿಂತ ಸೂಕ್ಷ್ಮವಾದ ಇನ್ನೊಂದು ದೋಷ ಕಾಣುತ್ತದೆ. ಕೊಳವೆಗೂ ಅಡ್ಡ ತಗಡಿಗೂ ನಡುವಿನ ಬೆಸುಗೆ ಬಿಟ್ಟುಹೋಗಿರುತ್ತದೆ. ನೀರು ಸೋರುವುದಿಲ್ಲ, ಹರಿವೂ ಸರಿಯಿರುತ್ತದೆ, ಆದರೆ ಶಾಖ ತಗಡಿಗೆ ದಾಟುವುದೇ ಇಲ್ಲ. ಇದಕ್ಕೆ ಮತ್ತು ಸತು ಕಳೆದುಕೊಂಡ ಹಿತ್ತಾಳೆಗೆ ಮದ್ದು ಒಂದೇ: ತೊಟ್ಟಿ ಮತ್ತು ಕವಚ ಉಳಿಸಿಕೊಂಡು ಹೊಸ ಕೋರ್ ಕೂರಿಸುವುದು. ಮೂಲ ಮಾದರಿಯ ಜೇನುಗೂಡು ಕೋರನ್ನು ಇಂದು ಕೈಯಿಂದ ಕಟ್ಟಿಕೊಡುವವರು ವಿರಳ, ವೆಚ್ಚವೂ ಭಾರಿ. ಹೀಗಾಗಿ ಕೆಲವರು ಕೊಳವೆ-ತಗಡಿನ ಕೋರನ್ನು ಹಾಕಿಸುತ್ತಾರೆ. ಓಡಾಟಕ್ಕೆ ಇದು ಚೆನ್ನ. ಆದರೆ ಕಾರಿನ ಐತಿಹಾಸಿಕ ಮೂಲರೂಪ ಅಷ್ಟರ ಮಟ್ಟಿಗೆ ಕಳೆಯುತ್ತದೆ.

ತಾತ್ಕಾಲಿಕ ಉಪಾಯಗಳು

ದಾರಿಯಲ್ಲಿ ಸೋರತೊಡಗಿದ ರೇಡಿಯೇಟರಿಗೆ ಮೊಟ್ಟೆಯ ಬಿಳಿ, ಸಾಸಿವೆ ಪುಡಿ, ಅಗಸೆ ಬೀಜದ ಹಿಟ್ಟು, ಓಟ್ಸ್ ಹಾಕುವುದು ಹಳೆಯ ಚಾಲಕರ ಚಾಳಿ. ಮೊಟ್ಟೆ ಬಿಸಿನೀರಿನಲ್ಲಿ ಗಟ್ಟಿಯಾಗಿ, ಹಿಟ್ಟು ಉಬ್ಬಿ ತೂತಿನಲ್ಲಿ ಸಿಕ್ಕಿಕೊಳ್ಳುತ್ತದೆ. ಅಂಗಡಿಯಲ್ಲಿ ಸಿಗುವ ಸೋರಿಕೆ ನಿರೋಧಕ ಪುಡಿ, ದ್ರಾವಣಗಳದೂ ಬಹುಮಟ್ಟಿಗೆ ಇದೇ ತತ್ತ್ವ. ಊರು ಮುಟ್ಟಲು ಇವು ನೆರವಾಗುತ್ತವೆ. ಆದರೆ ತೂತು ಯಾವುದು ಕೊಳವೆ ಯಾವುದು ಎಂದು ಇವಕ್ಕೆ ತಿಳಿಯದು. ಥರ್ಮೋಸೈಫನ್ ಕಾರುಗಳಲ್ಲಿ ಹರಿವಿನ ಬಲವೇ ಕಡಿಮೆಯಾದ್ದರಿಂದ ಕಿರಿದಾದ ಹಾದಿಗಳು ಬೇಗ ಕಟ್ಟಿಕೊಳ್ಳುತ್ತವೆ. ಮುಂದೆ ಬೆಸುಗೆ ಹಾಕುವಾಗಲೂ ಸಂದಿಯಲ್ಲಿ ಉಳಿದ ಈ ಕಸ ತವರ ಹಿಡಿಯಲು ಬಿಡುವುದಿಲ್ಲ. ಎಪಾಕ್ಸಿ ಅಂಟು ಹಚ್ಚಿದ ಜಾಗದ್ದೂ ಇದೇ ಕಥೆ.

ಕುದಿಯುತ್ತಿರುವ ರೇಡಿಯೇಟರಿನ ಮುಚ್ಚಳವನ್ನು ಬರಿಗೈಯಿಂದ ತೆರೆಯಬಾರದು. ಕಾದ ಎಂಜಿನ್ನಿಗೆ ತಣ್ಣೀರನ್ನು ಒಮ್ಮೆಲೇ ಸುರಿದರೆ ಎರಕದ ಕಬ್ಬಿಣದ ಬ್ಲಾಕು ಬಿರುಕು ಬಿಡಬಹುದು. ಅಂಥ ಬಿರುಕಿನ ದುರಸ್ತಿ ರೇಡಿಯೇಟರಿನದಕ್ಕಿಂತ ಎಷ್ಟೋ ಕಷ್ಟ.

ನಿರ್ವಹಣೆ

ಒತ್ತಡದ ಮುಚ್ಚಳ ನೀರಿನ ಕುದಿಬಿಂದುವನ್ನು ಏರಿಸುತ್ತದೆ. 0.5 ಬಾರ್ ಹೆಚ್ಚುವರಿ ಒತ್ತಡದಲ್ಲಿ ನೀರು ಸುಮಾರು 111 ಡಿಗ್ರಿಗೆ ಕುದಿಯುತ್ತದೆ. ಈ ಲಾಭದ ಆಸೆಗೆ ಆರಂಭಿಕ ರೇಡಿಯೇಟರಿಗೆ ಅಂಥ ಮುಚ್ಚಳ ಹಾಕಿದರೆ ಕೀಲುಗಳು ತಡೆಯುವುದಿಲ್ಲ. ಗ್ಲೈಕಾಲ್ ಬೆರೆತ ಕೂಲೆಂಟ್ ತುಕ್ಕು ತಡೆಯುವುದು ನಿಜ. ಆದರೆ ನೀರು ನುಸುಳದ ಸಂದಿಯಲ್ಲೂ ಅದು ನುಸುಳುತ್ತದೆ. ಬಹುಕಾಲ ಬದಲಿಸದ ಕೂಲೆಂಟ್ ಸೀಸದ ಬೆಸುಗೆಯನ್ನು ಕೊಳೆಯಿಸಿ ಬಿಳಿಯ ಪುಡಿಯಿಂದ ಕೊಳವೆಗಳನ್ನು ಮುಚ್ಚುವುದೂ ಉಂಟು. ಹೊಸ ಕಾರುಗಳಿಗೆಂದು ಬಂದಿರುವ ಸಾವಯವ ಆಮ್ಲ ಆಧಾರಿತ ಕೂಲೆಂಟುಗಳ ಬದಲು ತಾಮ್ರ, ಹಿತ್ತಾಳೆ, ಬೆಸುಗೆಗೆ ಹೊಂದುವ ಹಳೆಯ ಬಗೆಯದನ್ನೇ ಬಳಸುವುದು ಕ್ಷೇಮ. ಹಿಮ ಬೀಳದ ನಾಡಿನಲ್ಲಿ ತುಕ್ಕು ನಿರೋಧಕ ಬೆರೆಸಿದ ಮೃದು ನೀರು ಸಾಕು.

ಕರ್ನಾಟಕದಲ್ಲಿ

ಸಮುದ್ರಮಟ್ಟದಿಂದ ಮೇಲೇರಿದಂತೆ ಕುದಿಬಿಂದು ಇಳಿಯುತ್ತದೆ. ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ತೆರೆದ ರೇಡಿಯೇಟರಿನ ನೀರು 97 ಡಿಗ್ರಿಗೆ, 1,150 ಮೀಟರ್ ಎತ್ತರದ ಮಡಿಕೇರಿಯಲ್ಲಿ 96 ಡಿಗ್ರಿಗೆ ಕುದಿಯುತ್ತದೆ. ಆಗುಂಬೆ, ಚಾರ್ಮಾಡಿಯಂಥ ಘಾಟಿ ಏರುವಾಗ ಕಾರು, ಬಸ್ಸು, ಲಾರಿಗಳನ್ನು ನಿಲ್ಲಿಸಿ ರೇಡಿಯೇಟರಿಗೆ ನೀರು ಹೊಯ್ಯುವುದು ಹಿಂದಿನ ಕಾಲದ ಚಾಲಕರಿಗೆ ಅಭ್ಯಾಸವಾಗಿಬಿಟ್ಟಿತ್ತು. ಕರಾವಳಿ ಮತ್ತು ಮಲೆನಾಡಿನ ಹಳ್ಳದ ನೀರು ಮೃದು. ಬಯಲುಸೀಮೆಯ ಕೊಳವೆಬಾವಿಗಳ ನೀರು ಸಾಮಾನ್ಯವಾಗಿ ಗಡಸು. ಬೆಂಗಳೂರು, ಕೋಲಾರ ಕಡೆಯ ಹಳೆಯ ಕಾರುಗಳಿಗೆ ಬೋರ್‌ವೆಲ್ ನೀರಿನ ಬದಲು ಮಳೆನೀರು ಅಥವಾ ಬ್ಯಾಟರಿಗೆ ಬಳಸುವ ಬಟ್ಟಿ ಇಳಿಸಿದ ನೀರು ಹಾಕುವುದು ಒಳಿತು.

ಧರ್ಮಸ್ಥಳದ ಸಂಗ್ರಹದಲ್ಲಿ, ಶ್ರೀರಂಗಪಟ್ಟಣ ಸಮೀಪದ ಪಯಣ ವಸ್ತುಸಂಗ್ರಹಾಲಯದಲ್ಲಿ ಹಳೆಯ ಕಾರುಗಳನ್ನು ಸಾರ್ವಜನಿಕರು ನೋಡಬಹುದು. ಹೀಗೆ ನಿಂತೇ ಇರುವ ಕಾರುಗಳ ರೇಡಿಯೇಟರಿಗೆ ಅರ್ಧಂಬರ್ಧ ನೀರು ಬಿಡುವುದು ಹಾನಿಕರ. ನೀರು ಗಾಳಿ ಎರಡೂ ತಾಗುವ ಗೆರೆಯಲ್ಲೇ ಸವೆತ ಹೆಚ್ಚು. ಪೂರ್ತಿ ಬಸಿದು ಒಣಗಿಸಬೇಕು, ಇಲ್ಲವೆ ನಿರೋಧಕ ಬೆರೆಸಿ ಪೂರ್ತಿ ತುಂಬಿಡಬೇಕು.

1980ರ ದಶಕದಿಂದ ಅಲ್ಯೂಮಿನಿಯಂ ಕೋರ್ ಮತ್ತು ಪ್ಲಾಸ್ಟಿಕ್ ತೊಟ್ಟಿಯ ರೇಡಿಯೇಟರುಗಳು ವ್ಯಾಪಕವಾದಂತೆ ಬೆಸುಗೆಯ ಕಸುಬು ಕ್ಷೀಣಿಸಿದೆ. ಹೊಸ ರೇಡಿಯೇಟರ್ ಸೋರಿದರೆ ಬದಲಿಸುತ್ತಾರೆ, ಹಳೆಯದು ಸೋರಿದರೆ ಬದಲಿಗೆ ಇನ್ನೊಂದು ಸುಲಭವಾಗಿ ಸಿಗುವುದಿಲ್ಲ. ಆದ್ದರಿಂದ ಹಳೆಯ ಕಾರಿನ ಒಡೆಯರು ಐರನ್ ಕಾಯಿಸುವ ಮೊದಲು ರೇಡಿಯೇಟರಿನ ತಳದ ಮೆತ್ತೆ, ನೀರಿನ ಗುಣ, ಹರಿವು, ಗ್ಯಾಸ್ಕೆಟ್ ಈ ನಾಲ್ಕನ್ನೂ ಪರೀಕ್ಷಿಸಿಕೊಳ್ಳಬೇಕು. ಸೋರಿಕೆಯ ಕಾರಣ ಉಳಿದರೆ ಒಳ್ಳೆಯ ಬೆಸುಗೆಯೂ ಹೆಚ್ಚು ಕಾಲ ನಿಲ್ಲುವುದಿಲ್ಲ.